ದೇವವಾಣಿಗೆ ಕನ್ನಡದ ಕಿವಿ: ರೆವರೆಂಡ್ ಕಿಟ್ಟೆಲ್ ಅವರ ಜೀವನ

ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ ಅವರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಅವರ ನಿಘಂಟನ್ನು ತೆರೆದು ನೋಡಿದವರು ಅದಕ್ಕಿಂತಲೂ ವಿರಳ ಎಂಬ ಮಾತನ್ನೂ ಸಂಕೋಚವಿಲ್ಲದೆ ಹೇಳಬಹುದು. ಬಿ.ಎ. ತರಗತಿಯಲ್ಲಿ ಐಚ್ಛಿಕ ಕನ್ನಡವನ್ನು ಓದುವಾಗ ಪರೀಕ್ಷೆಯ ದೃಷ್ಟಿಯಿಂದ ನಾವೂ ಅವರ ಜನನ, ಮರಣ, ನಿಘಂಟಿನ ಪ್ರಕಟಣೆಯ ವರ್ಷ, ಇಷ್ಟನ್ನು ಕಂಠಪಾಠ ಮಾಡಿ, ಬ್ಯಾಂಕಿನ ನೌಕರಿಗೆ ಸೇರಿದ ಮೇಲೆ ಅದನ್ನೂ ಮರೆತವರು. ಕಿಟ್ಟೆಲ್ ಅವರು ಮೂಲತಃ ಒಬ್ಬ ಧರ್ಮಪ್ರಚಾರಕರು, ಶಾಸ್ತ್ರಗ್ರಂಥದಲ್ಲಿ ದೇವರ ಧ್ವನಿಯನ್ನು ಕೇಳಿದೆನೆಂಬ ನಂಬಿಕೆಯಿಂದ ಮನೆ ಬಿಟ್ಟು ಹೊರಟವರು ಎಂಬ ಸಂಗತಿಯನ್ನು ಆಗ ನಾವು ಗಂಭೀರವಾಗಿ ಪರಿಗಣಿಸಿರಲಿಲ್ಲ. ನಿಘಂಟಿಗೆ ಅದು ಕೇವಲ ಪೀಠಿಕೆ ಎಂದುಕೊಂಡಿದ್ದೆವು. ಹಾಗಲ್ಲವೆಂದು ಮನವರಿಕೆಯಾದದ್ದು ಗ್ರೇಟರ್ ನೋಯ್ಡಾದಲ್ಲಿ, ಎರಡು ಚಳಿಗಾಲಗಳ ಹಿಂದೆ.

ನಮ್ಮ ವಸತಿ ಸಮುಚ್ಚಯದಲ್ಲಿ ಕನ್ನಡದ ಮನೆಗಳು ನಾಲ್ಕೈದು ಮಾತ್ರ. ಅವುಗಳಲ್ಲಿ ಧಾರವಾಡದ ಕಡೆಯ ಒಂದು ಕ್ರೈಸ್ತ ಕುಟುಂಬವೂ ಒಂದು. ಮಗ ಇಲ್ಲಿ ಕೆಲಸದಲ್ಲಿದ್ದುದರಿಂದ ಎಂಬತ್ತು ದಾಟಿದ ತಾಯಿಯೂ ಇಲ್ಲಿಗೆ ಬಂದಿದ್ದರು. ಮಕ್ಕಳೆಲ್ಲ ಅವರನ್ನು ಅಜ್ಜಿ ಎಂದು ಕರೆಯುತ್ತಿದ್ದುದರಿಂದ ನಮಗೂ ಅವರು ಅಜ್ಜಿಯೇ. ಭಾನುವಾರಗಳಂದು ಮಗನ ಜೊತೆ ಚರ್ಚಿಗೆ ಹೋಗುತ್ತಿದ್ದರು. ಅಲ್ಲಿ ಪ್ರಾರ್ಥನೆ ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ಮನೆಗೆ ಬಂದ ಮೇಲೆ ಮೊಬೈಲಿನಲ್ಲಿ ಕನ್ನಡ ಸತ್ಯವೇದದ ವಾಚನವನ್ನು ಹಾಕಿಸಿಕೊಂಡು ಕೇಳುತ್ತಿದ್ದರು. ಅಷ್ಟು ಹೊತ್ತು ಚರ್ಚಿನಲ್ಲಿ ಕುಳಿತು ಬಂದ ಮೇಲೆ ಮತ್ತೇಕೆ ಎಂದು ನಾವೊಮ್ಮೆ ವಿಚಾರಿಸಿದ್ದುಂಟು. ಹಿಂದಿಯಲ್ಲಿ ಎಲ್ಲವೂ ತಿಳಿಯುತ್ತದೆ, ಆದರೆ ಯಾರೂ ತಮ್ಮನ್ನು ಕರೆದಂತಾಗುವುದಿಲ್ಲ ಎಂಬ ಅರ್ಥದ ಮಾತನ್ನು ಅವರು ಹೇಳಿದರು. ಕಡೆಯ ಕಾಯಿಲೆಯ ದಿನಗಳಲ್ಲಿ, ಹೊರಗೆ ಮಂಜು ಮುಸುಕಿ ಪರಿ ಚೌಕದ ದೀಪಗಳೂ ಕಾಣದಂತಿದ್ದ ಒಂದು ಸಂಜೆ, ಮೊಬೈಲಿನ ಧ್ವನಿ ಬೇಡವೆಂದು ಎದುರಿಗಿದ್ದ ನಮ್ಮನ್ನೇ ಓದುವಂತೆ ಕೇಳಿಕೊಂಡರು. ನಾವು ಆ ಮತದವರಲ್ಲ, ಆ ಗ್ರಂಥವನ್ನು ಅದುವರೆಗೆ ಮುಟ್ಟಿದವರೂ ಅಲ್ಲ. ಅವರು ಗುರುತು ಹಾಕಿಸಿಟ್ಟಿದ್ದ ಪುಟ ಸಮುವೇಲನ ಮೊದಲನೆಯ ಗ್ರಂಥದ 3ನೆಯ ಅಧ್ಯಾಯವಾಗಿತ್ತು.

ಕತೆ ಸರಳವಾದುದು. ಬಾಲಕ ಸಮುವೇಲನು ದೇವಾಲಯದಲ್ಲಿ ಮಲಗಿರುವಾಗ ಯಾರೋ ಕರೆದಂತಾಗುತ್ತದೆ. ಎದ್ದು ಓಡಿ, ಕಣ್ಣು ಮಂಜಾದ ವೃದ್ಧ ಯಾಜಕ ಏಲಿಯ ಬಳಿಗೆ ಹೋಗುತ್ತಾನೆ. ಏಲಿ ತಾನು ಕರೆಯಲಿಲ್ಲವೆನ್ನುತ್ತಾನೆ. ಹೀಗೆ ಮೂರು ಸಲ ನಡೆದ ಮೇಲೆ, ಕರೆಯುತ್ತಿರುವವನು ಯಾರೆಂದು ಏಲಿಗೆ ಹೊಳೆದು, ಇನ್ನೊಮ್ಮೆ ಕರೆ ಬಂದರೆ ಕೇಳುತ್ತಿದ್ದೇನೆಂದು ಉತ್ತರಿಸುವಂತೆ ಹುಡುಗನಿಗೆ ಹೇಳಿಕೊಡುತ್ತಾನೆ. ಓದುವಾಗ ನಮಗೆ ತಟ್ಟಿದ್ದು ಒಂದೇ. ದೇವರ ಧ್ವನಿ ಗುಡುಗಿನಂತೆ ಇದ್ದಿದ್ದರೆ ಹುಡುಗ ತಪ್ಪು ತಿಳಿಯುತ್ತಿರಲಿಲ್ಲ. ಅದು ದಿನವೂ ತನ್ನನ್ನು ಕೂಗಿ ಕರೆಯುವ ಮುದುಕನ ಧ್ವನಿಯಂತೆಯೇ ಇತ್ತು. ಆದ್ದರಿಂದಲೇ ಅವನು ಮೂರು ಸಲವೂ ಏಲಿಯ ಬಳಿಗೇ ಓಡಿದ.

ಈ ಗ್ರಂಥ ಕನ್ನಡಕ್ಕೆ ಬಂದ ಬಗೆಯನ್ನು ತಿಳಿಯುವ ಕುತೂಹಲದಿಂದ ಹೊರಟ ನಮ್ಮ ಓದು ಕಿಟ್ಟೆಲ್ ಅವರಲ್ಲಿಗೆ ಬಂದು ನಿಂತಿತು. ಸತ್ಯವೇದವನ್ನು ಕನ್ನಡಿಸಿದವರು ಅವರಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುವುದು ಲೇಸು. ಆ ಕೆಲಸವನ್ನು ಆರಂಭಿಸಿದವರು 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್. 1831ರ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿ ಅಚ್ಚಾಗಿತ್ತು. ಮುಂದೆ ಬಾಸೆಲ್ ಮಿಷನ್ನಿನ ವೈಗ್ಲೆ, ಮೊಗ್ಲಿಂಗ್ ಮೊದಲಾದವರು ಅದನ್ನು ತಿದ್ದಿ ಪರಿಷ್ಕರಿಸಿದರು. ಕಿಟ್ಟೆಲ್ ಅವರು ಹಿಡಿದದ್ದು ಬೇರೆಯ ದಾರಿ.

ಅವರು ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ವಾಯವ್ಯ ಮೂಲೆಯ ಪೂರ್ವ ಫ್ರೀಸಿಯಾ ಪ್ರಾಂತ್ಯದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಗಾಟ್‌ಫ್ರೀಡ್ ಕಿಟ್ಟೆಲ್ ಚರ್ಚಿನ ಪಾದ್ರಿಗಳು. ಕಡಲಂಚಿನ ಆ ನಾಡಿನಲ್ಲಿ ಹೊಲಮನೆಗಳ ಆಡುಮಾತು ಒಂದು, ಚರ್ಚು ಶಾಲೆಗಳ ಗ್ರಾಂಥಿಕ ಜರ್ಮನ್ ಮತ್ತೊಂದು. ನಮ್ಮ ಧಾರವಾಡದ ಮನೆಮಾತಿಗೂ ಪಠ್ಯಪುಸ್ತಕದ ಕನ್ನಡಕ್ಕೂ ಇರುವ ಅಂತರಕ್ಕಿಂತ ಅದು ಹೆಚ್ಚಿನದೆಂದೇ ತಿಳಿಯಬೇಕು. ಮಾತಿನ ಎರಡು ಪದರಗಳ ನಡುವೆ ಬೆಳೆದ ಹುಡುಗನ ಕಿವಿ ಸೂಕ್ಷ್ಮವಾದುದರಲ್ಲಿ ಆಶ್ಚರ್ಯವಿಲ್ಲ. ಔರಿಖ್ ಪಟ್ಟಣದ ಶಾಲೆಯಲ್ಲಿ ಅವರು ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಭಾಷೆಗಳನ್ನು ಕಲಿತರು.

ಇಪ್ಪತ್ತು ತುಂಬುವ ಮೊದಲೇ ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ವಿದ್ಯಾಲಯವನ್ನು ಸೇರಿದರು. 1815ರಲ್ಲಿ ಸ್ಥಾಪಿತವಾದ ಆ ಸಂಸ್ಥೆ ಭಕ್ತಿಪಂಥೀಯ ಪ್ರೊಟೆಸ್ಟೆಂಟರದು. ಅಲ್ಲಿಗೆ ಸೇರಬಯಸುವ ತರುಣನು ತನ್ನ ಜೀವನವೃತ್ತಾಂತವನ್ನು ಬರೆದು, ದೇವರ ಕರೆ ತನಗೆ ಹೇಗೆ ಅನುಭವಕ್ಕೆ ಬಂತೆಂಬುದನ್ನು ವಿವರಿಸಬೇಕಾಗಿತ್ತು. ನಮ್ಮ ಬ್ಯಾಂಕಿನ ಸಂದರ್ಶನಗಳಲ್ಲಿ ಇಂಥ ಪ್ರಶ್ನೆ ಇಲ್ಲದಿರುವುದು ನಮ್ಮ ಪುಣ್ಯ! ಆ ಪಂಥದವರ ನಂಬಿಕೆ ಹೀಗಿತ್ತು. ದೇವರು ಮಾತನಾಡುವುದು ಮುಖ್ಯವಾಗಿ ಶಾಸ್ತ್ರಗ್ರಂಥದ ಮೂಲಕ. ಆದರೆ ಅಕ್ಷರವನ್ನು ಓದಿದ ಮಾತ್ರಕ್ಕೆ ಅದು ದೇವರ ಧ್ವನಿಯಾಗುವುದಿಲ್ಲ. ಓದಿದ್ದು ಇದು ನನಗೇ ಹೇಳಿದ ಮಾತು ಎಂದು ಒಳಗೆ ನಾಟಿದಾಗ ಮಾತ್ರ ಅದು ಕೇಳಿದಂತೆ. ನಂಬಿಕೆ ಹುಟ್ಟುವುದು ಕೇಳುವುದರಿಂದ ಎಂಬರ್ಥದ ಮಾತನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರದ 10ನೆಯ ಅಧ್ಯಾಯದಲ್ಲಿ ಹೇಳಿರುವುದು ಇವರಿಗೆಲ್ಲ ಆಧಾರ. ಕೇಳಿಸುವವನಿಲ್ಲದೆ ಕೇಳುವುದು ಹೇಗೆ ಎಂಬ ಪ್ರಶ್ನೆಯೂ ಅಲ್ಲಿಯೇ ಇದೆ. ಆ ಪ್ರಶ್ನೆಗೆ ಉತ್ತರವಾಗಿಯೇ ಈ ತರುಣರು ಹಡಗು ಹತ್ತುತ್ತಿದ್ದರು.

1853ರಲ್ಲಿ, ತಮ್ಮ 21ನೆಯ ವಯಸ್ಸಿನಲ್ಲಿ, ಕಿಟ್ಟೆಲ್ ಅವರು ಭಾರತಕ್ಕೆ ಬಂದು ಧಾರವಾಡದ ಕೇಂದ್ರವನ್ನು ಸೇರಿದರು. ಬಾಸೆಲ್ ಮಿಷನ್ ಮಂಗಳೂರಿಗೆ 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ ಕಾಲಿಟ್ಟಿತ್ತು. ಹೊಸಬರಾದ ಕಿಟ್ಟೆಲ್ ಅವರು ಬಂದೊಡನೆಯೇ ಭಾಷೆಯ ಅಭ್ಯಾಸಕ್ಕೆ ತೊಡಗಿ, ಅದರಲ್ಲಿ ಮೈಮರೆತರು. ಯೆಹೂದ್ಯರ ನಡುವೆ ಯೆಹೂದ್ಯನಂತೆ ನಡೆದುಕೊಂಡೆನೆಂದು ಪೌಲನು ಹೇಳಿಕೊಂಡಿದ್ದನಷ್ಟೆ. ಅದೇ ರೀತಿ ಭಾರತೀಯರ ನಡುವೆ ಭಾರತೀಯನಾಗಿ ಬದುಕಬೇಕೆಂಬುದು ಇವರ ಹಂಬಲ. ಮಿಷನ್ನಿನ ಹಿರಿಯರಿಗೂ ಸಹೋದ್ಯೋಗಿಗಳಿಗೂ ಇದು ಸರಿಬೀಳಲಿಲ್ಲ. ಉಪದೇಶ ಮಾಡಿ ಜನರನ್ನು ಸಭೆಗೆ ಸೇರಿಸಬೇಕಾದವನು ಹಳೆಗನ್ನಡದ ಓಲೆಗಳಲ್ಲಿ ಮುಳುಗಿದರೆ ಹೇಗೆ ಎಂಬುದು ಅವರ ಆಕ್ಷೇಪ. ಧರ್ಮಪ್ರಚಾರಕರಾಗಿ ಕಿಟ್ಟೆಲ್ ಅವರು ಯಶಸ್ವಿಯಾಗಲಿಲ್ಲ ಎಂಬ ತೀರ್ಮಾನವನ್ನು ಅವರ ಜೀವನವನ್ನು ಅಭ್ಯಾಸ ಮಾಡಿದ ವಿದ್ವಾಂಸರು ಇಂದಿಗೂ ನೀಡುತ್ತಾರೆ. ಆ ತೀರ್ಮಾನವನ್ನು ಒಪ್ಪಬೇಕಾಗುತ್ತದೆ. ಆದರೆ ಸೋಲಿನ ಕಾರಣವೇ ಅವರ ಸಾಧನೆಯ ಕಾರಣವೂ ಹೌದು ಎಂಬುದು ನಮ್ಮ ಭಾವನೆ. ಕೇಳಿಸಲೆಂದು ಬಂದವರು ಇಲ್ಲಿ ಕೇಳುತ್ತ ಕುಳಿತುಬಿಟ್ಟರು.

1862ರಲ್ಲಿ ಮಂಗಳೂರಿನಲ್ಲಿ ಅವರ ಕಥಾಮಾಲೆ ಪ್ರಕಟವಾಯಿತು. ಯೇಸುಸ್ವಾಮಿಯ ಜೀವನವನ್ನು ಕನ್ನಡದ ಪದ್ಯರೂಪದಲ್ಲಿ, ನಮ್ಮ ಹಾಡುಗಬ್ಬಗಳ ರೀತಿಯಲ್ಲಿ ಹೇಳುವ ಕೃತಿ ಅದು. ಈ ಕೃತಿಯ ಮಹತ್ವವನ್ನು ತಿಳಿಯಲು ಆ ಕಾಲದ ನಮ್ಮ ಊರುಗಳನ್ನು ನೆನೆಯಬೇಕು. ಓದಬಲ್ಲವರು ಕೆಲವರೇ. ಆದರೆ ಜೈಮಿನಿ ಭಾರತವನ್ನೋ ಬಸವಪುರಾಣವನ್ನೋ ಒಬ್ಬರು ರಾಗವಾಗಿ ಓದಿ ಇನ್ನೊಬ್ಬರು ಅರ್ಥ ಹೇಳುವಾಗ ಊರೇ ಕುಳಿತು ಕೇಳುತ್ತಿತ್ತು. ದೇವರ ಕತೆ ಎಂದರೆ ಜನರ ಪಾಲಿಗೆ ಕಿವಿಯಿಂದ ಒಳಗಿಳಿಯುವ ಸಂಗತಿ. ಅವರ ಹಿರಿಯ ಮಾರ್ಗದರ್ಶಿ ಹರ್ಮನ್ ಮೊಗ್ಲಿಂಗ್ ಅವರು 1848ರಿಂದ 1853ರವರೆಗೆ ಬಿಬ್ಲಿಯೊಥಿಕಾ ಕರ್ನಾಟಿಕಾ ಮಾಲೆಯಲ್ಲಿ ದಾಸರ ಪದಗಳನ್ನೂ ಕಾವ್ಯಗಳನ್ನೂ ಅಚ್ಚು ಮಾಡಿಸಿ ಈ ಲೋಕದ ಬಾಗಿಲನ್ನು ತೆರೆದಿದ್ದರು. ಜರ್ಮನಿಯ ಸ್ತೋತ್ರಗಳ ರಾಗಕ್ಕೆ ಕನ್ನಡ ಶಬ್ದಗಳನ್ನು ಜೋಡಿಸಿದ ಮಾತ್ರಕ್ಕೆ ಹಳ್ಳಿಗನಿಗೆ ಅದು ತನ್ನನ್ನು ಕರೆದಂತೆ ಕೇಳಿಸುವುದಿಲ್ಲ ಎಂಬುದನ್ನು ಕಿಟ್ಟೆಲ್ ಅವರು ಅರಿತಿದ್ದರು. ಧ್ವನಿ ಏಲಿಯ ಧ್ವನಿಯಂತೆ ಇರಬೇಕಾಗಿತ್ತು.

ನಮ್ಮ ಛಂದಸ್ಸಿನಲ್ಲಿ ಬರೆಯುವವನಿಗೆ ಛಂದಸ್ಸಿನ ಶಾಸ್ತ್ರ ಬೇಕು. ಶಾಸ್ತ್ರಕ್ಕೆ ವ್ಯಾಕರಣ ಬೇಕು. ವ್ಯಾಕರಣಕ್ಕೆ ಹಳೆಯ ಕಾವ್ಯಗಳು ಬೇಕು. ಅವಕ್ಕೆಲ್ಲ ಶಬ್ದಕೋಶ ಬೇಕು. ಕಿಟ್ಟೆಲ್ ಅವರ ಮುಂದಿನ ಮೂವತ್ತು ವರ್ಷಗಳನ್ನು ಹೀಗೆ ಒಂದರ ಬಾಲ ಹಿಡಿದು ಮತ್ತೊಂದು ಬಂದಂತೆ ನೋಡಬಹುದು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಅವರ ಸಂಪಾದಕತ್ವದಲ್ಲಿ ಹೊರಬಂದವು. ಶಬ್ದಮಣಿದರ್ಪಣದ ಆರಂಭದಲ್ಲಿ ಶಬ್ದ ಹುಟ್ಟುವ ಬಗೆಯನ್ನು ಕೇಶಿರಾಜ ವಿವರಿಸುವುದು ಓದುಗರಲ್ಲಿ ಕೆಲವರಿಗಾದರೂ ನೆನಪಿರಬಹುದು. ಜೀವನ ಇಚ್ಛೆಯಿಂದ, ಅನುಕೂಲ ವಾಯುವಿನಿಂದ, ನಾಭಿಮೂಲದಲ್ಲಿ ಕಹಳೆಯ ಹಾಗೆ ಶಬ್ದದ್ರವ್ಯ ಹುಟ್ಟುತ್ತದೆ, ಅದರ ಬಣ್ಣ ಬಿಳಿದು ಎನ್ನುತ್ತಾನೆ ಆ ಜೈನ ವೈಯಾಕರಣ. ದೇವರು ಮಾತನಾಡಿದ್ದರಿಂದ ಬೆಳಕು ಉಂಟಾಯಿತೆಂದು ಆದಿಕಾಂಡದಲ್ಲಿ ಓದಿ ಬೆಳೆದ ಪಾದ್ರಿಯ ಮಗ ಈ ಸೂತ್ರದ ಕರಡನ್ನು ಮಂಗಳೂರಿನ ಮುದ್ರಣಾಲಯದ ದೀಪದ ಬೆಳಕಿನಲ್ಲಿ ತಿದ್ದುತ್ತಿದ್ದ ಚಿತ್ರ ನಮ್ಮ ಕಣ್ಣ ಮುಂದೆ ಕಟ್ಟುತ್ತದೆ. ಶಬ್ದಕ್ಕೂ ಬೆಳಕಿಗೂ ನಂಟಿದೆ ಎಂದು ಎರಡು ಗ್ರಂಥಗಳೂ ಹೇಳುತ್ತವೆ. ಇದರಿಂದ ಅವರೇನು ತೀರ್ಮಾನಕ್ಕೆ ಬಂದರೋ, ನಮ್ಮ ಊಹೆಯನ್ನು ಅವರ ಮೇಲೆ ಹೇರುವುದು ಬೇಡ.

ಅವರ ಎಲ್ಲ ಬರಹಗಳೂ ನಮಗೆ ಒಪ್ಪಿಗೆಯಾಗುವಂಥವೆಂದು ಹೇಳಲಾಗದು. ಯಜ್ಞಸುಧಾನಿಧಿ ಎಂಬ ಕೃತಿಯಲ್ಲಿ ವೇದಗಳ ಯಜ್ಞದ ಕಲ್ಪನೆಯನ್ನು ವಿವೇಚಿಸಿ, ಅದರ ಸಾರ್ಥಕತೆಯನ್ನು ಅವರು ಕ್ರಿಸ್ತನ ಬಲಿದಾನದಲ್ಲಿ ಕಂಡರು. ಲಿಂಗಪೂಜೆಯ ಮೂಲವನ್ನು ಕುರಿತು 1876ರಲ್ಲಿ ಜರ್ಮನ್ ಭಾಷೆಯಲ್ಲಿ ಒಂದು ಪ್ರಬಂಧವನ್ನೂ ಪ್ರಕಟಿಸಿದರು. ನಮ್ಮ ಮತಧರ್ಮಗಳ ವಿಷಯದಲ್ಲಿ ಅವರು ತಟಸ್ಥ ಕೇಳುಗರಾಗಿರಲಿಲ್ಲ. ತಾವು ಸತ್ಯವೆಂದು ನಂಬಿದ ಒಂದು ಧ್ವನಿಯನ್ನು ಕಿವಿಯಲ್ಲಿ ತುಂಬಿಕೊಂಡೇ ಅವರು ಉಳಿದ ಧ್ವನಿಗಳನ್ನು ಕೇಳಿದರು. ಇದನ್ನು ಮರೆಮಾಚಿ ಅವರನ್ನು ಕೇವಲ ಕನ್ನಡದ ಕುಲತಿಲಕರನ್ನಾಗಿ ಮಾಡುವುದು ಅವರಿಗೂ ನ್ಯಾಯವಲ್ಲ, ನಮಗೂ ಅಲ್ಲ. ಆದರೆ ವೇದ ಎಂಬ ಶಬ್ದದ ಬಗ್ಗೆ ಒಂದು ಮಾತು ಇಲ್ಲಿ ಪ್ರಸ್ತುತ. ಕನ್ನಡ ಕ್ರೈಸ್ತರು ತಮ್ಮ ಗ್ರಂಥವನ್ನು ಕರೆಯುವುದು ಸತ್ಯವೇದವೆಂದು. ನಮ್ಮಲ್ಲಿ ವೇದಕ್ಕೆ ಶ್ರುತಿ ಎಂಬ ಇನ್ನೊಂದು ಹೆಸರಿದೆ. ಶ್ರುತಿ ಎಂದರೆ ಕೇಳಿದ್ದು. ಪುಸ್ತಕವನ್ನು ಕೇಳುವ ವಸ್ತು ಎಂದು ತಿಳಿಯುವ ನಾಡಿಗೆ ಅವರ ಪುಸ್ತಕ ಬಂದಿತ್ತು. ಆ ಹೆಸರನ್ನು ಇಟ್ಟವರು ಇದನ್ನೆಲ್ಲ ಯೋಚಿಸಿದ್ದರೋ ಇಲ್ಲವೋ, ಹೆಸರಂತೂ ನಿಂತಿತು.

ಕೌಟುಂಬಿಕ ಜೀವನದಲ್ಲಿ ಅವರು ಪಟ್ಟ ಪಾಡು ಕಡಿಮೆಯದಲ್ಲ. 1860ರಲ್ಲಿ ಮದುವೆಯಾದ ಪೌಲಿನ್ ಐತ್ ನಾಲ್ಕೇ ವರ್ಷಗಳಲ್ಲಿ ತೀರಿಕೊಂಡರು. ಮುಂದೆ ಆಕೆಯ ತಂಗಿ ಜೂಲಿಯನ್ನು ಅವರು ವರಿಸಿದರು. ಮಂಗಳೂರು, ಮಡಿಕೇರಿ, ಧಾರವಾಡ ಎಂದು ಊರಿಂದೂರಿಗೆ ವರ್ಗವಾಗುತ್ತ ಕೆಲಸ ಸಾಗಿತು. ವರ್ಗಾವಣೆಯ ಕಷ್ಟವನ್ನು ನಮ್ಮ ವೃತ್ತಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಆರೋಗ್ಯ ಕೆಟ್ಟು 1877ರಲ್ಲಿ ಜರ್ಮನಿಗೆ ಮರಳಿದರು. ನಿಘಂಟಿನ ಕೆಲಸ ಅಲ್ಲಿ ಕುಳಿತು ಮುಗಿಯುವಂಥದಾಗಿರಲಿಲ್ಲ. ಶಬ್ದದ ಅರ್ಥವನ್ನು ಕೇಳಲು ಕನ್ನಡದ ಜನ ಬೇಕಾಗಿತ್ತು. ಐವತ್ತು ದಾಟಿದ ಮೇಲೆ, 1883ರಲ್ಲಿ, ಸಂಸಾರವನ್ನು ಅಲ್ಲಿಯೇ ಬಿಟ್ಟು ಒಬ್ಬರೇ ಮತ್ತೆ ಬಂದರು. ಈ ಒಂದು ನಿರ್ಧಾರದ ಮುಂದೆ ಅವರ ಬಿರುದು ಪದವಿಗಳೆಲ್ಲ ನಮಗೆ ಸಣ್ಣದಾಗಿ ಕಾಣುತ್ತವೆ. ಇಲ್ಲಿನ ಪಂಡಿತರ ನೆರವಿನಿಂದ ಸುಮಾರು ಒಂಬತ್ತು ವರ್ಷ ದುಡಿದು 1892ರಲ್ಲಿ ಹಿಂದಿರುಗಿದರು. 1894ರಲ್ಲಿ ಮಂಗಳೂರಿನಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾಯಿತು. 1,700ಕ್ಕೂ ಹೆಚ್ಚು ಪುಟಗಳು, ಸುಮಾರು 70,000 ಶಬ್ದಗಳು.

ಆ ನಿಘಂಟಿನ ವೈಶಿಷ್ಟ್ಯ ಶಬ್ದಗಳ ಸಂಖ್ಯೆಯಲ್ಲಿಲ್ಲ. ಪಂಪನ ಪರಂಪರೆಯ ಕಾವ್ಯದ ಶಬ್ದದ ಪಕ್ಕದಲ್ಲಿಯೇ ಒಕ್ಕಲಿಗನ ಬಾಯಿನ ಶಬ್ದಕ್ಕೂ ಅಲ್ಲಿ ಸ್ಥಾನವಿದೆ. ಗಾದೆಗಳು ಹೇರಳವಾಗಿವೆ. ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ಸಜಾತಿ ಶಬ್ದಗಳ ಸೂಚನೆ ಇದೆ. ಅಜ್ಜಿಯವರಿಗೆ ಓದಿ ಹೇಳಿದ ಕೆಲವು ವಾರಗಳ ನಂತರ ನಾವು ಅದರಲ್ಲಿ ಮೊದಲು ಹುಡುಕಿದ ಶಬ್ದ ಕೇಳು ಎಂಬುದು. ಆಲಿಸು, ಗಮನಕೊಡು, ಹೇಳಿದಂತೆ ನಡೆ, ಪ್ರಶ್ನಿಸು, ಬೇಡು, ಇಷ್ಟೂ ಆ ಒಂದೇ ಕ್ರಿಯಾಪದದ ಅರ್ಥಗಳು. ಮಗು ಮಾತು ಕೇಳುವುದಿಲ್ಲ ಎಂದರೆ ಅದಕ್ಕೆ ಕಿವುಡೆಂದು ಯಾವ ಕನ್ನಡಿಗನೂ ತಿಳಿಯುವುದಿಲ್ಲ. ಗಮನಾರ್ಹವೆಂದರೆ, ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿಯೂ ಕೇಳುವುದಕ್ಕೂ ವಿಧೇಯನಾಗುವುದಕ್ಕೂ ಶಮಾ ಎಂಬ ಒಂದೇ ಕ್ರಿಯಾಪದವಿದೆ. ದೇವರ ಧ್ವನಿಯನ್ನು ಕೇಳುವುದೆಂದರೆ ಆ ಗ್ರಂಥದಲ್ಲಿ ಅದರಂತೆ ನಡೆಯುವುದೇ. ಆದುದರಿಂದ ಈ ಅರ್ಥವನ್ನು ಕನ್ನಡಕ್ಕೆ ಹೊರಗಿನಿಂದ ತರಬೇಕಾದ ಪ್ರಸಂಗವೇ ಇರಲಿಲ್ಲ, ನಮ್ಮ ಅಡಿಗೆಮನೆಯ ಮಾತಿನಲ್ಲೇ ಅದು ಇತ್ತು. ಪ್ರಶ್ನಿಸು ಎಂಬ ಅರ್ಥವಂತೂ ಕನ್ನಡ ತನ್ನ ಕಡೆಯಿಂದ ಸೇರಿಸಿದ್ದು. ಕೇಳುವವನು ಕೇಳಬಲ್ಲನು!

ಸಮುವೇಲನ ಕತೆಗೆ ಒಂದು ಉತ್ತರಾರ್ಧವಿದೆ. ಅದನ್ನು ನಾವು ಆ ಸಂಜೆ ಓದುವಾಗ ತಡವರಿಸಿದೆವು. ಹುಡುಗ ಕೇಳಿಸಿಕೊಂಡ ಸಂದೇಶ ಸಂತೋಷದ್ದಲ್ಲ. ಏಲಿಯ ಮನೆತನಕ್ಕೆ ಬರಲಿರುವ ಕೇಡಿನ ಸುದ್ದಿ ಅದು. ಕೇಳುವುದನ್ನು ಕಲಿಸಿಕೊಟ್ಟವನ ವಿರುದ್ಧವೇ ಬಂದ ತೀರ್ಪು. ಬೆಳಗಾದ ಮೇಲೆ ಹುಡುಗ ಹೇಳಲು ಹೆದರುತ್ತಾನೆ, ಮುದುಕ ಮುಚ್ಚಿಡಬೇಡವೆಂದು ಒತ್ತಾಯಿಸುತ್ತಾನೆ. ಅಜ್ಜಿಗೆ ಆಯಾಸವಾಗುವುದೆಂದು ನಾವು ಅಲ್ಲಿಗೆ ನಿಲ್ಲಿಸಲು ನೋಡಿದೆವು. ಅವರು ಕಣ್ಣು ತೆರೆಯದೆಯೇ ಕೈಸನ್ನೆ ಮಾಡಿ ಮುಂದುವರಿಸುವಂತೆ ಸೂಚಿಸಿದರು. ಆ ಕೈಸನ್ನೆಯನ್ನು ಕಂಡ ಮೇಲೆ, ಶಾಸ್ತ್ರದಲ್ಲಿ ದೇವರ ಧ್ವನಿಯನ್ನು ಕೇಳುವುದೆಂದರೆ ಮನಸ್ಸಿಗೆ ಹಿತವಾದುದನ್ನು ಕೇಳುವುದು ಎಂದು ತಿಳಿದುಕೊಂಡಿದ್ದ ನಮಗೆ ನಾಚಿಕೆಯಾಯಿತು. ಇನ್ನೊಂದು ಸಣ್ಣ ಸಂಗತಿ. ಅವರ ಹಳೆಯ ಪ್ರತಿಯಲ್ಲಿ ದೇವರು ಎಂಬ ಬಹುವಚನದ ಗೌರವರೂಪಕ್ಕೆ ಏಕವಚನದ ಕ್ರಿಯಾಪದ ಹೊಂದಿಕೊಂಡು ಬರುತ್ತದೆ. ವ್ಯಾಕರಣದಲ್ಲಿ ಇದು ತೊಡಕು. ನಾವು ಎರಡು ಮೂರು ಸಲ ತಿದ್ದಿ ಓದಲು ಹೋಗಿ ಅಜ್ಜಿಯ ಹುಬ್ಬು ಗಂಟಿಕ್ಕಿದ್ದನ್ನು ಕಂಡು ಸುಮ್ಮನಾದೆವು. ಮನೆಯಲ್ಲಿ ನಾವು ನಮ್ಮ ದೇವರನ್ನು ಕರೆಯುವುದೂ ನೀನು ಎಂದೇ ಅಲ್ಲವೇ?

ಕಿಟ್ಟೆಲ್ ಅವರಿಗೆ 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಆಗ ಅವರಿಗೆ 64 ವರ್ಷ. ನಿವೃತ್ತಿಯ ಜೀವನವನ್ನೂ ಅವರು ಟ್ಯೂಬಿಂಗೆನ್ನಿನಲ್ಲಿಯೇ ಕಳೆದರು. ಸುತ್ತಮುತ್ತ ಕನ್ನಡ ಕೇಳುವ ಸಂಭವವಿಲ್ಲದ ಆ ಊರಿನಲ್ಲಿ ಕುಳಿತು ಹಳೆಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದರು. ದೂರದಲ್ಲಿದ್ದು ಭಾಷೆಯನ್ನು ಕಿವಿಯ ನೆನಪಿನಲ್ಲಿಯೇ ಉಳಿಸಿಕೊಳ್ಳುವ ಕಷ್ಟ ಏನೆಂಬುದನ್ನು ಯಮುನೆಯ ಈಚೆ ದಡದ ನಾವು ಸ್ವಲ್ಪಮಟ್ಟಿಗೆ ಬಲ್ಲೆವು. ಆ ವ್ಯಾಕರಣ ಅಚ್ಚಾದದ್ದು 1903ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಮದರಾಸು ವಿಶ್ವವಿದ್ಯಾಲಯ ಎಂ. ಮರಿಯಪ್ಪ ಭಟ್ಟರಿಂದ ನಿಘಂಟನ್ನು ಪರಿಷ್ಕರಿಸಿ 1968ರಿಂದ 1971ರ ಅವಧಿಯಲ್ಲಿ ನಾಲ್ಕು ಸಂಪುಟಗಳಾಗಿ ಹೊರತಂದಿತು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು, ಬೆಂಗಳೂರಿನಲ್ಲಿ ಅವರ ಪ್ರತಿಮೆ ಇವೆ.

ಅಜ್ಜಿಯವರು ಆ ಚಳಿಗಾಲವನ್ನು ದಾಟಲಿಲ್ಲ. ಅವರ ಸತ್ಯವೇದವನ್ನು ಮಗ ಊರಿಗೆ ಒಯ್ದರು. ಮೊಬೈಲು ಮೊಮ್ಮಗನಿಗೆ ಬಂತು. ಇಲ್ಲಿಯೇ ಹುಟ್ಟಿ ಬೆಳೆದ ಅವನಿಗೆ ಕನ್ನಡ ಓದಲು ಬಾರದು, ಕೇಳಿದರೆ ಮುಕ್ಕಾಲು ಪಾಲು ತಿಳಿಯುತ್ತದೆ. ಕಳೆದ ತಿಂಗಳು ಒಂದು ರಾತ್ರಿ ಫೋನು ಮಾಡಿ, ಅಜ್ಜಿ ಹಾಕಿಸಿಕೊಳ್ಳುತ್ತಿದ್ದ ವಾಚನದಲ್ಲಿ ಒಡಂಬಡಿಕೆ ಎಂದು ಮತ್ತೆ ಮತ್ತೆ ಬರುತ್ತದಲ್ಲ ಅಂಕಲ್, ಹಾಗೆಂದರೇನು ಎಂದು ಕೇಳಿದ. ಬ್ಯಾಂಕಿನ ಸಾಲದ ಕಾಗದಗಳಲ್ಲಿ ಕರಾರು ಎಂಬ ಅರ್ಥದಲ್ಲಿ ಅದನ್ನು ನೂರು ಸಲ ಕಂಡಿರುವ ನಾವು ಆ ಅರ್ಥವನ್ನೇ ಹೇಳಲು ಹೊರಟು, ಸ್ವಲ್ಪ ತಡೆಯಲು ಹೇಳಿ, ಎದ್ದು ಹೋಗಿ ಕಿಟ್ಟೆಲ್ ಅವರ ನಿಘಂಟನ್ನು ತೆರೆದೆವು.